ಸ್ವರ ಒಡೆಯುವ ವಯಸ್ಸು, ಮತ್ತೆ ಸರಳೆಗೆ ತಂದ ಮಾಷ್ಟ್ರು

ಪ್ರಶ್ನೆ: ನಾವು ಕಾರ್ಕಳದ ಹತ್ತಿರ ಕುಕ್ಕುಂದೂರಿನವರು. ಮಗನಿಗೆ ಹದಿಮೂರು ತುಂಬಿದೆ, ಎಂಟನೇ ತರಗತಿ. ಮೂರನೇ ಕ್ಲಾಸಿನಿಂದ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿಯುತ್ತಿದ್ದಾನೆ. ಕಲಿಸುವವರು ನಮ್ಮ ಆಸುಪಾಸಿನಲ್ಲೇ ಮನೆಯಲ್ಲಿ ಪಾಠ ಹೇಳುವ ಹಿರಿಯರು. ಒಳ್ಳೆಯವರು, ಫೀಸು ಇಷ್ಟೇ ಅಂತ ಕೇಳಿದವರಲ್ಲ, ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ. ಕಳೆದ ವರ್ಷ ಮಗ ಮೊದಲ ವರ್ಣ ಮುಗಿಸಿ ಎರಡನೆಯದಕ್ಕೆ ಹೋಗಿದ್ದ. ಈ ಜೂನ್‌ನಿಂದ ಮಾಷ್ಟ್ರು ವರ್ಣ ನಿಲ್ಲಿಸಿಬಿಟ್ಟಿದ್ದಾರೆ. ಮತ್ತೆ ಸರಳೆ ವರಸೆ, ಜಂಟಿ ವರಸೆ. ಅದೂ ಮೊದಲಿಗಿಂತ ತುಂಬ ಕೆಳಗಿನ ಶ್ರುತಿಯಲ್ಲಿ. ಒಂದು ಗಂಟೆಯ ಪಾಠದಲ್ಲಿ ಇಪ್ಪತ್ತು ನಿಮಿಷ ಹಾಡಿಸಿದರೆ ಹೆಚ್ಚು. ಉಳಿದ ಹೊತ್ತು ತಾಳ ಹಾಕಿಸುವುದು, ಬರೆಸುವುದು, ತಾವೇ ಹಾಡಿ ಕೇಳಿಸುವುದು. ಅವನ ಜತೆಗೇ ಸೇರಿದ ಪಕ್ಕದ ಮನೆಯ ಹುಡುಗಿ ಬೇರೆ ಕಡೆ ಹೋಗಿ ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದಾಳೆ.

ಚೌತಿಗೆ ಗಣೇಶೋತ್ಸವದ ವೇದಿಕೆಯಲ್ಲಿ ಹಾಡುವಾಗ ಮೇಲಿನ ಸ್ವರಕ್ಕೆ ಹೋದ ಕೂಡಲೇ ಇವನ ಸ್ವರ ಒಡೆಯಿತು. ಮುಂದೆ ಕೂತ ಮಕ್ಕಳು ನಕ್ಕರು. ಆಮೇಲೆ ಮನೆಯಲ್ಲಿ ಬಾಯಿ ಬಿಟ್ಟು ಹಾಡುವುದೇ ಇಲ್ಲ. ವಿಚಿತ್ರ ಎಂದರೆ ಶನಿವಾರದ ಕುಣಿತ ಭಜನೆಗೆ ಮಾತ್ರ ತಪ್ಪಿಸುವುದಿಲ್ಲ, ಅಲ್ಲಿ ಎಲ್ಲರ ಜತೆ ಕಿರುಚಿ ಬರುತ್ತಾನೆ. ನಮ್ಮವರು ಹೇಳುವುದು, ಸಂಗೀತ ಸಾಕು, ಚೆಸ್‌ಗೆ ಹಾಕುವ ಅಂತ. ನಮ್ಮ ಭಾವನ ಮಗ ಚೆಸ್ ಕಲಿತು ರೇಟಿಂಗ್ ಮಾಡಿಕೊಂಡಿದ್ದಾನೆ. ನನಗೆ ಸಂಗೀತ ಬಿಡಿಸಲು ಮನಸ್ಸಿಲ್ಲ. ಬೆಂಗಳೂರಿನವರೊಬ್ಬರು ಆನ್‌ಲೈನ್ ಪಾಠ ಮಾಡುತ್ತಾರೆ, ಒಂದು ವರ್ಷದಲ್ಲಿ ಪರೀಕ್ಷೆಗೆ ಕೂರಿಸುತ್ತೇನೆ ಎನ್ನುತ್ತಾರೆ. ಅಲ್ಲಿಗೆ ಸೇರಿಸಲೇ? ಮಾಷ್ಟ್ರಿಗೆ ಹೇಗೆ ಹೇಳಲಿ? ಡಿಸೆಂಬರ್‌ನ ಶಾಲಾ ವಾರ್ಷಿಕೋತ್ಸವಕ್ಕೆ ಪ್ರಾರ್ಥನೆ ಇವನೇ ಹಾಡಬೇಕು ಎಂದು ಟೀಚರ್ ಬೇರೆ ಹೇಳಿದ್ದಾರೆ.
— ಹೆಸರು ಬೇಡ, ಕುಕ್ಕುಂದೂರು

ಉತ್ತರ: ಅಮ್ಮಾ, ಈಗ ಮಾಷ್ಟ್ರನ್ನು ಬದಲಿಸಬೇಡಿ. ನೀವು ಅವರ ಮೇಲಿನ ದೂರು ಎಂದು ಬರೆದ ಒಂದೊಂದು ಮಾತೂ ನನಗೆ ಅವರ ಪರವಾದ ಸಾಕ್ಷಿಯಾಗಿ ಕಾಣುತ್ತಿದೆ. ಶ್ರುತಿ ಇಳಿಸಿದ್ದಾರೆ, ವರ್ಣ ನಿಲ್ಲಿಸಿದ್ದಾರೆ, ಸರಳೆಗೆ ತಂದಿದ್ದಾರೆ, ಹಾಡಿಸುವುದನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿದ್ದಾರೆ, ಉಳಿದ ಹೊತ್ತು ಕಿವಿಗೂ ತಾಳಕ್ಕೂ ಕೆಲಸ ಕೊಟ್ಟಿದ್ದಾರೆ. ಸ್ವರ ಒಡೆಯುತ್ತಿರುವ ಹುಡುಗನಿಗೆ ಬಲ್ಲವರು ಮಾಡುವುದು ಇದನ್ನೇ. ಅವರು ಬಿಟ್ಟದ್ದು ಒಂದೇ, ಯಾಕೆ ಹೀಗೆ ಮಾಡುತ್ತಿದ್ದೇನೆ ಎಂದು ನಿಮ್ಮನ್ನು ಕೂರಿಸಿಕೊಂಡು ಹೇಳಲಿಲ್ಲ. ನಮ್ಮ ಕಡೆಯ ಹಿರಿಯ ಮಾಷ್ಟ್ರುಗಳಲ್ಲಿ ಇದು ಸಾಮಾನ್ಯ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ, ನಡುವೆ ಹುಡುಗ ತಾನು ಫೇಲಾದೆ ಎಂದುಕೊಂಡಿದ್ದಾನೆ. ನನಗೆ ಹೆಚ್ಚು ಚಿಂತೆಯಾಗಿರುವುದು ಅವನ ಈ ಎಣಿಕೆಯ ಬಗ್ಗೆ.

ಅವನ ಗಂಟಲಲ್ಲಿ ಏನಾಗುತ್ತಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಹುಡುಗರಿಗೆ ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದರ ನಡುವೆ ಧ್ವನಿಪೆಟ್ಟಿಗೆ ಬೇಗಬೇಗ ಬೆಳೆಯುತ್ತದೆ. ಗಂಟಲಿನ ಮುಂಭಾಗದಲ್ಲಿ ಗಂಟಿನ ಹಾಗೆ ಎದ್ದು ಕಾಣಲು ಶುರುವಾಗುವುದು ಅದೇ. ಒಳಗಿನ ಧ್ವನಿತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಅದರಿಂದ ಧ್ವನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗೆ ಇಳಿಯುತ್ತದೆ. ಹೆಣ್ಣುಮಕ್ಕಳ ಧ್ವನಿಯೂ ಈ ವಯಸ್ಸಿನಲ್ಲಿ ಬದಲಾಗುತ್ತದೆ, ಆದರೆ ಇಳಿಯುವುದು ಎರಡು ಮೂರು ಸ್ವರಸ್ಥಾನದಷ್ಟು. ಪಕ್ಕದ ಮನೆಯ ಹುಡುಗಿ ಹೆಚ್ಚು ಕಷ್ಟವಿಲ್ಲದೆ ಅದನ್ನು ದಾಟಿ ಪರೀಕ್ಷೆ ಬರೆದಳು. ನಿಮ್ಮ ಮಗ ಇಳಿಯಬೇಕಾದದ್ದು ಹನ್ನೆರಡು ಸ್ವರಸ್ಥಾನ. ಅವಳ ಜತೆ ಈ ವರ್ಷ ಇವನನ್ನು ಹೋಲಿಸಿ ನೋಡುವುದು ಇವನಿಗೆ ಅನ್ಯಾಯ.

ಇನ್ನೂ ಒಂದು ತೊಡಕು ಇದೆ. ಈ ಇಳಿತ ಒಂದೇ ಸಲಕ್ಕೆ ಆಗುವುದಿಲ್ಲ. ಇಂದು ಇದ್ದ ಸ್ವರ ನಾಳೆ ಸಿಗುವುದಿಲ್ಲ, ನಾಡಿದ್ದು ಮತ್ತೆ ಬಂದೀತು. ಕೆಲವರಿಗೆ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಕೆಲವರಿಗೆ ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಸಂಗೀತ ಕಲಿಯದ ಹುಡುಗನಿಗೆ ಇದು ದೊಡ್ಡ ಸಂಗತಿಯೇ ಅಲ್ಲ, ಮಾತು ಸ್ವಲ್ಪ ಒರಟಾಗಿ ಕೇಳುತ್ತದೆ ಅಷ್ಟೆ. ನಿಮ್ಮ ಮಗನ ಕಷ್ಟ ಬೇರೆ. ಐದು ವರ್ಷ ಅವನು ಷಡ್ಜವನ್ನು ಎಲ್ಲಿ ಹಿಡಿದನೋ ಆ ಜಾಗ ಈಗ ಅವನ ಗಂಟಲಲ್ಲಿ ಇಲ್ಲ. ಪಂಚಮ ಎಲ್ಲಿದೆ ಎಂದು ಅವನ ಕಿವಿಗೆ ಚೆನ್ನಾಗಿ ಗೊತ್ತು. ಗಂಟಲು ಮಾತ್ರ ಬೇರೆಲ್ಲೋ ಹೋಗಿ ನಿಲ್ಲುತ್ತದೆ. ತಪ್ಪು ಬಿತ್ತು ಎಂದು ಎಲ್ಲರಿಗಿಂತ ಮೊದಲು ಕೇಳಿಸುವುದು ಅವನಿಗೇ. ಚೌತಿಯ ವೇದಿಕೆಯಲ್ಲಿ ಮಕ್ಕಳು ನಗುವ ಮುಂಚೆಯೇ ಅವನಿಗೆ ಅದು ಕೇಳಿಸಿತ್ತು. ಮನೆಯಲ್ಲಿ ಬಾಯಿ ಬಿಡದವನು ಭಜನೆಗೆ ಹೋಗುವುದು ಯಾಕೆ ಎಂದು ನಿಮಗೆ ಆಶ್ಚರ್ಯವಾಗಿದೆ. ಅಲ್ಲಿ ಹತ್ತು ಹದಿನೈದು ಸ್ವರಗಳ ನಡುವೆ ಅವನದು ಬೇರೆಯಾಗಿ ಕೇಳುವುದಿಲ್ಲ. ಆ ಹುಡುಗನಿಗೆ ಹಾಡುವ ಆಸೆ ಹೋಗಿಲ್ಲ ಎಂಬುದಕ್ಕೆ ನಿಮ್ಮ ಪತ್ರದಲ್ಲಿರುವ ಗಟ್ಟಿ ಪುರಾವೆ ಆ ಶನಿವಾರದ ಭಜನೆಯೇ.

ಈಗ ಮಾಷ್ಟ್ರು ಮಾಡುತ್ತಿರುವುದನ್ನು ಹತ್ತಿರದಿಂದ ನೋಡೋಣ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ, ಹುಡುಗರಿಗೆ ಚಿಕ್ಕಂದಿನಲ್ಲಿ ಐದು ಮನೆ ಶ್ರುತಿಯ ಆಸುಪಾಸಿನಲ್ಲಿ ಪಾಠ ನಡೆಯುತ್ತದೆ. ದೊಡ್ಡವರಾದ ಮೇಲೆ ಹೆಚ್ಚಿನ ಗಂಡಸರು ಹಾಡುವುದು ಒಂದು ಮನೆ, ಒಂದೂವರೆ, ಎರಡು ಮನೆಯಲ್ಲಿ. ಐದರಿಂದ ಒಂದಕ್ಕೆ ಬರುವ ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಪಾಠಕ್ಕೆ ಬಂದ ಹುಡುಗನನ್ನು ಸುಮ್ಮನೆ ಎರಡು ಮಾತು ಆಡಿಸಿ, ಅವನ ಮಾತಿನ ಧ್ವನಿ ಇವತ್ತು ಎಲ್ಲಿ ಕೂತಿದೆ ಎಂದು ಕೇಳಿಸಿಕೊಂಡು, ಶ್ರುತಿಪೆಟ್ಟಿಗೆಯನ್ನು ಅಲ್ಲಿಗೆ ಹೊಂದಿಸಬೇಕು. ಮುಂದಿನ ವಾರ ಮತ್ತೆ ಬದಲಿಸಬೇಕಾದೀತು. ಇದಕ್ಕೆ ಅನುಭವವುಳ್ಳ ಕಿವಿ ಬೇಕು, ಒಬ್ಬನಿಗೇ ಕೊಡುವಷ್ಟು ತಾಳ್ಮೆ ಬೇಕು. ಇಪ್ಪತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿ ಒಂದೇ ಶ್ರುತಿಯಲ್ಲಿ ಹಾಡಿಸುವ ಕಡೆ ಇದು ಆಗುವ ಮಾತಲ್ಲ.

ಇನ್ನು ಸರಳೆ. ನಿಮಗೆ ಅದು ಮೂರನೇ ಕ್ಲಾಸಿನ ಪಾಠ, ಹಾಗಾಗಿ ಮಗನನ್ನು ಕೆಳಗಿಳಿಸಿದರು ಎಂದು ಕಂಡಿದೆ. ಸರಳೆ, ಜಂಟಿ, ಅಲಂಕಾರಗಳನ್ನು ಮಾಯಾಮಾಳವಗೌಳದಲ್ಲಿ ಕಲಿಸುವ ಕ್ರಮ ಪುರಂದರದಾಸರಿಂದ ಬಂದದ್ದು ಎಂದು ನಮ್ಮ ಸಂಪ್ರದಾಯ ಹೇಳುತ್ತದೆ. ಆ ರಾಗದಲ್ಲಿ ಷಡ್ಜದಿಂದ ಮಧ್ಯಮದ ತನಕ ಸ್ವರಗಳ ನಡುವೆ ಎಷ್ಟೆಷ್ಟು ಅಂತರವಿದೆಯೋ, ಪಂಚಮದಿಂದ ಮೇಲಿನ ಷಡ್ಜದ ತನಕವೂ ಅಷ್ಟಷ್ಟೇ ಇದೆ. ಕೆಳಗಿನ ಅರ್ಧ ಗಂಟಲಿಗೆ ಕೂತರೆ ಮೇಲಿನ ಅರ್ಧಕ್ಕೆ ಅದೇ ಅಳತೆ ಸಾಕು. ಹೊಸ ಜಾಗದಲ್ಲಿ ಸ್ವರಸ್ಥಾನ ಹುಡುಕುವ ಗಂಟಲಿಗೆ ಇದಕ್ಕಿಂತ ಸಲೀಸಾದ ದಾರಿ ನನಗೆ ಗೊತ್ತಿಲ್ಲ. ಅದಲ್ಲದೆ ಸರಳೆ ಅವನಿಗೆ ಬಾಯಿಪಾಠ. ಮುಂದಿನ ಸ್ವರ ಯಾವುದು, ಸಾಹಿತ್ಯ ಏನು ಎಂದು ನೆನಪು ಮಾಡಿಕೊಳ್ಳುವ ಕೆಲಸ ಇಲ್ಲ. ಪೂರ್ತಿ ಗಮನ ಗಂಟಲಿನ ಮೇಲೆಯೇ ಇರಬಹುದು. ವರ್ಣದಲ್ಲಿ ಹಾಗಲ್ಲ. ಅಲ್ಲಿ ತಾರಸ್ಥಾಯಿಗೆ ಹೋಗಲೇಬೇಕು, ಎರಡನೇ ಕಾಲದಲ್ಲಿ ಓಡಲೇಬೇಕು. ಈಗ ಅದನ್ನು ಹಾಡಿಸಿದರೆ ಹುಡುಗ ಕುತ್ತಿಗೆಯ ನರ ಬಿಗಿದು ಮೇಲಿನ ಷಡ್ಜ ಮುಟ್ಟಿಸುತ್ತಾನೆ, ಆ ಬಿಗಿತ ರೂಢಿಯಾಗುತ್ತದೆ, ಧ್ವನಿ ಪೂರ್ತಿ ಕೂತ ಮೇಲೂ ಉಳಿಯುತ್ತದೆ. ಆಮೇಲೆ ಅದನ್ನು ಬಿಡಿಸಲು ವರ್ಷಗಟ್ಟಲೆ ಬೇಕು.

ಹಿಂದೆ ಇಂಥ ಹುಡುಗರಿಗೆ ಏನಾಗುತ್ತಿತ್ತು ಎಂಬುದಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆ ಇದೆ. ಯುರೋಪಿನ ಮಹಾನ್ ಸಂಗೀತ ರಚನಕಾರ ಜೋಸೆಫ್ ಹೈಡನ್ ಬಾಲ್ಯದಲ್ಲಿ ವಿಯೆನ್ನಾದ ದೊಡ್ಡ ಚರ್ಚ್‌ನ ಗಾಯನ ತಂಡದಲ್ಲಿದ್ದ. ಸ್ವರ ಒಡೆದ ಮೇಲೆ, 1749ರಲ್ಲಿ, ಅವನನ್ನು ಅಲ್ಲಿಂದ ಹೊರಗೆ ಕಳುಹಿಸಿದರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಚರಿತ್ರೆಯಲ್ಲೂ ಇದೇ ವಯಸ್ಸಿನ ಕಷ್ಟದ ಮಾತು ಬರುತ್ತದೆ. ಬಾಲ್ಯದಲ್ಲಿ ಮೃದುವಾಗಿದ್ದ ಅವರ ಕಂಠ ಹರೆಯಕ್ಕೆ ಬಂದಾಗ ಗಡುಸಾಗಿ, ಹೇಳಿದ ಹಾಗೆ ಕೇಳದಾಯಿತು ಎಂದು ಅವರ ಬದುಕನ್ನು ಬರೆದವರು ದಾಖಲಿಸಿದ್ದಾರೆ. ಅವರ ಗುರು ಅಬ್ದುಲ್ ಕರೀಂ ಖಾನರು. ಆ ಗಡುಸು ಕಂಠವನ್ನು ಸಾಧನೆಯಿಂದಲೇ ಪಳಗಿಸಿಕೊಂಡ ಶಿಷ್ಯ ಮುಂದೆ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಅವರಿಗೆ ಗುರುವಾದರು. ನಿಮ್ಮ ಮಾಷ್ಟ್ರು ಹುಡುಗನನ್ನು ಹೊರಗೆ ಕಳುಹಿಸಲಿಲ್ಲ, ಗದರಿಸಿ ಮೇಲಿನ ಸ್ವರ ಹಾಡಿಸಲೂ ಇಲ್ಲ. ಕೈ ಹಿಡಿದು ಇಳಿಸುತ್ತಿದ್ದಾರೆ.

ಶ್ರುತಿ ಇಳಿದರೆ ಇನ್ನು ಮೇಲಕ್ಕೆ ಹೋಗುವುದೇ ಇಲ್ಲವೇ ಎಂಬ ಹೆದರಿಕೆ ನಿಮ್ಮವರಿಗೆ ಇದ್ದರೆ, ಅವರಿಗೆ ಬಲಿಪ ನಾರಾಯಣ ಭಾಗವತರನ್ನು ನೆನಪಿಸಿ. ಮೂಡುಬಿದಿರೆ ಕಡೆಯ ಮಾರೂರಿನಲ್ಲಿ ನೆಲೆಸಿದ್ದ, 2023ರಲ್ಲಿ ತೀರಿಕೊಂಡ ಬಲಿಪರ ಏರುಶ್ರುತಿಯ ಪದ ಕೇಳದ ಯಕ್ಷಗಾನಪ್ರಿಯರು ನಿಮ್ಮೂರಲ್ಲಿ ಇರಲಿಕ್ಕಿಲ್ಲ. ಗಂಡಸಿನ ಧ್ವನಿಗೆ ಎತ್ತರ ಇಲ್ಲ ಎಂದಲ್ಲ. ಅದು ಕೂತು ಗಟ್ಟಿಯಾದ ಮೇಲೆ, ಸಾಧನೆಯಿಂದ ಬರುವ ಎತ್ತರ. ಬಲಿಪರಿಗೆ ಕಲಿಸಿದವರು ಅವರ ಅಜ್ಜ, ಅದೇ ಹೆಸರಿನ ಹಿರಿಯ ಬಲಿಪರು. ಮನೆಯೊಳಗೆ, ಎದುರು ಕೂರಿಸಿಕೊಂಡು ದಾಟಿಸಿದ ವಿದ್ಯೆ ಅದು.

ಮನೆಯಲ್ಲಿ ನೀವು ಮಾಡಬಹುದಾದದ್ದು ಇದೆ. ಮೊದಲು ಅವನ ಜತೆ ಮಾತಾಡಿ, ಸಾಧ್ಯವಾದರೆ ಅವನ ಅಪ್ಪನೇ ಮಾತಾಡಲಿ. ನನಗೂ ನಿನ್ನ ವಯಸ್ಸಿನಲ್ಲಿ ಸ್ವರ ಒಡೆದಿತ್ತು ಎಂದು ಅಪ್ಪನ ಬಾಯಿಂದ ಕೇಳಿದರೆ ಹುಡುಗನಿಗೆ ಬರುವ ಸಮಾಧಾನವನ್ನು ನಾನು ಎಷ್ಟು ಬರೆದರೂ ಕೊಡಲಾರೆ. ಮನೆಗೆ ಬಂದ ನೆಂಟರ ಎದುರು "ಒಂದು ಹಾಡು ಹೇಳು ಮಗಾ" ಎನ್ನುವುದನ್ನು ಈ ವರ್ಷ ಪೂರ್ತಿ ನಿಲ್ಲಿಸಿ. ಅವನ ಧ್ವನಿಯನ್ನು ಅಣಕಿಸಿ ಯಾರೂ ಮಾತಾಡಕೂಡದು, ಅಜ್ಜಿಯ ಪ್ರೀತಿಯ ಅಣಕವೂ ಬೇಡ. ಬೆಳಿಗ್ಗೆ ಹದಿನೈದು ನಿಮಿಷ, ಮಾಷ್ಟ್ರು ಹೇಳಿದ ಶ್ರುತಿಯಲ್ಲಿ, ಮೆತ್ತಗೆ, ಮಂದ್ರದ ಕಡೆಗೆ ಅಭ್ಯಾಸ ಮಾಡಲಿ. ಬಾಗಿಲು ಹಾಕಿಕೊಂಡು ಮಾಡುತ್ತೇನೆ ಎಂದರೆ ಮಾಡಲಿ ಬಿಡಿ. ಗಂಟಲು ನೋಯುವ ದಿನ, ಶೀತ ಇರುವ ದಿನ ಪೂರ್ತಿ ರಜೆ. ನೀರು ಚೆನ್ನಾಗಿ ಕುಡಿಯಲಿ. ಪದೇ ಪದೇ ಗಂಟಲು ಕೆರೆದು ಸರಿಮಾಡಿಕೊಳ್ಳುವ ಅಭ್ಯಾಸ ಈ ವಯಸ್ಸಿನಲ್ಲಿ ಅಂಟಿಕೊಳ್ಳುತ್ತದೆ, ಅದು ಧ್ವನಿತಂತುಗಳಿಗೆ ಒಳ್ಳೆಯದಲ್ಲ. ಆಗ ಒಂದು ಗುಟುಕು ನೀರು ಕುಡಿಯಲು ಹೇಳಿ.

ಭಜನೆ ಬಿಡಿಸಬೇಡಿ. ಗೆಳೆಯರ ಜತೆ ಅವನು ನಾಚಿಕೆಯಿಲ್ಲದೆ ಬೆರೆಯುವ ಜಾಗ ಅದು. ಆದರೆ ಮೈಕಿನ ಹತ್ತಿರ ನಿಂತು ಕಿರುಚುವುದು ಬೇಡ ಎಂದು ಭಜನೆ ಕಲಿಸುವವರಿಗೆ ಒಂದು ಮಾತು ಹೇಳಿಬಿಡಿ. ಈ ವರ್ಷ ಕೈಯಲ್ಲಿ ತಾಳ ಹಿಡಿದು ಕುಣಿಯಲಿ, ಸೊಲ್ಲು ಮೆಲ್ಲಗೆ ಹೇಳಲಿ. ಲಯ ಗಟ್ಟಿಯಾಗಲು ಅದೂ ಒಂದು ಪಾಠವೇ. ಅವನಿಗೆ ಮನಸ್ಸಿದ್ದರೆ, ಮಾಷ್ಟ್ರು ಒಪ್ಪಿದರೆ, ಈ ಅವಧಿಯಲ್ಲಿ ಮೃದಂಗವನ್ನೋ ಕೊಳಲನ್ನೋ ಶುರು ಮಾಡಬಹುದು. ಗಂಟಲಿಗೆ ಬಿಡುವು ಇರುವಾಗ ಕೈಗೆ ಬಂದ ವಿದ್ಯೆ ಮುಂದೆ ಹಾಡುವಾಗ ದೊಡ್ಡ ಬಲ. ಕಚೇರಿ ಕೇಳಿಸಿ. ನಿಮ್ಮೂರಿನ ಜೋಡುರಸ್ತೆಯಲ್ಲಿ ಬಸ್ಸು ಹತ್ತಿದರೆ ಬೈಲೂರು, ಹಿರಿಯಡ್ಕ ದಾಟಿ ಪರ್ಕಳ. ಅಲ್ಲಿನ ಸರಿಗಮ ಭಾರತಿಯಲ್ಲಿ, ಉಡುಪಿಯಲ್ಲಿ ರಾಗಧನದವರು ನಡೆಸುವ ಕಾರ್ಯಕ್ರಮಗಳಲ್ಲಿ, ಕೃಷ್ಣಮಠದ ರಾಜಾಂಗಣದಲ್ಲಿ ಒಳ್ಳೆಯ ಹಾಡುಗಾರಿಕೆ ಕೇಳಲು ಸಿಗುತ್ತದೆ. ಗಂಡಸರ ಹಾಡುಗಾರಿಕೆ ಇರುವ ದಿನ ಕರೆದುಕೊಂಡು ಹೋಗಿ. ತನ್ನ ಸ್ವರ ಮುಂದೆ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದನ್ನು ಅವನು ಕಿವಿಯಾರೆ ಕೇಳಬೇಕು.

ವೈದ್ಯರ ಮಾತು ಒಂದಿಷ್ಟು. ಸ್ವರ ಒಡೆಯುವುದು ರೋಗವಲ್ಲ, ಔಷಧಿ ಬೇಡ. ಆದರೆ ನೋವು ಇದ್ದರೆ, ಶೀತ ಇಲ್ಲದೆಯೂ ಮೂರು ವಾರಕ್ಕಿಂತ ಹೆಚ್ಚು ಕಾಲ ಗಂಟಲು ಕಟ್ಟಿದಂತೆ ಇದ್ದರೆ, ಅಥವಾ ಮೈ ಪೂರ್ತಿ ಬೆಳೆದ ಮೇಲೂ ಮಾತಿನ ಧ್ವನಿ ಹುಡುಗಿಯರಂತೆ ತೆಳುವಾಗಿಯೇ ಉಳಿದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ. ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣ ವಿಭಾಗವೇ ಇದೆ, ಧ್ವನಿಯ ತೊಂದರೆಗೆ ಅಭ್ಯಾಸ ಹೇಳಿಕೊಡುವ ತಜ್ಞರು ಅಲ್ಲಿ ಸಿಗುತ್ತಾರೆ.

ಹಾಗಾದರೆ ಮಾಷ್ಟ್ರು ಮಾಡಿದ್ದೆಲ್ಲ ಸರಿ ಎಂದು ಕಣ್ಣು ಮುಚ್ಚಿ ನಂಬಬೇಕೇ? ಬೇಡ. ನಾನು ನಿಮ್ಮ ಪತ್ರ ಓದಿ ಹೇಳಿದ್ದೇನೆ, ನೀವು ಹೋಗಿ ನೋಡಿ ಹೇಳಬೇಕು. ಐದು ವರ್ಷದಲ್ಲಿ ಎಷ್ಟು ಸಲ ಪಾಠದ ಹೊತ್ತಿಗೆ ಒಳಗೆ ಕೂತಿದ್ದೀರಿ? ಹೆಚ್ಚಿನ ತಂದೆತಾಯಂದಿರು ಗೇಟಿನ ಹತ್ತಿರ ಬಿಟ್ಟು, ಗೇಟಿನ ಹತ್ತಿರ ಕರೆದುಕೊಂಡು ಬರುತ್ತಾರೆ. "ಒಂದೆರಡು ವಾರ ನಾನೂ ಕೂತು ಕೇಳಲೇ ಸರ್?" ಎಂದು ಕೇಳಿ. ಫೋನು ಚೀಲದಲ್ಲಿಟ್ಟು ಮೂಲೆಯಲ್ಲಿ ಕೂರಿ. ನಿಮಗೆ ಸಂಗೀತ ಬರಬೇಕಾಗಿಲ್ಲ. ಮಗ ತಪ್ಪಿದಾಗ ಮಾಷ್ಟ್ರು ಅಲ್ಲೇ ನಿಲ್ಲಿಸುತ್ತಾರೋ, ಸರಿ ಮುಂದೆ ಎಂದು ದಾಟಿಸುತ್ತಾರೋ ನೋಡಿ. ನಿಲ್ಲಿಸಿದರೆ ಬರೀ "ತಪ್ಪು" ಎನ್ನುತ್ತಾರೋ, ರಿಷಭ ಮೇಲಾಯಿತು, ಸ್ವಲ್ಪ ಇಳಿಸು ಎಂದು ಜಾಗ ತೋರಿಸುತ್ತಾರೋ? ಹುಡುಗನ ಶ್ರುತಿಗೆ ಇವರು ಬರುತ್ತಾರೋ, ಇವರ ಶ್ರುತಿಗೆ ಹುಡುಗನನ್ನು ಎಳೆಯುತ್ತಾರೋ? ಮಗ ಅವರಿಗೆ ಪ್ರಶ್ನೆ ಕೇಳುತ್ತಾನೋ? ಹೊರಗೆ ಬಂದ ಮೇಲೆ ಅವನ ಮುಖ ಹೇಗಿದೆ? ಎರಡು ವಾರದಲ್ಲಿ ನಿಮಗೇ ಗೊತ್ತಾಗುತ್ತದೆ. ಪಾಠ ನಿಧಾನವಾಗಿ ನಡೆಯುವುದು ಬೇರೆ, ನಿಂತೇ ಹೋಗಿರುವುದು ಬೇರೆ. ನಿಧಾನದ ಪಾಠದಲ್ಲಿ ಪ್ರತಿ ಸಲ ಏನೋ ಒಂದು ಸಣ್ಣದು ಸರಿಯಾಗಿರುತ್ತದೆ. ನಿಂತ ಪಾಠದಲ್ಲಿ ಹೋದ ವಾರದ ತಪ್ಪೇ ಈ ವಾರವೂ ಹಾಗೇ ಇರುತ್ತದೆ, ಯಾರೂ ಗಮನಿಸಿರುವುದಿಲ್ಲ.

ಮನೆಪಾಠಕ್ಕೆ ಕಳುಹಿಸುವ ಎಲ್ಲರಿಗೂ ಇನ್ನೊಂದು ಮಾತು. ಸಂಗೀತವಿರಲಿ, ಚೆಸ್ ಇರಲಿ, ಪಾಠದ ಕೋಣೆಯ ಬಾಗಿಲು ತೆರೆದಿರಬೇಕು, ಹೆತ್ತವರು ಯಾವ ಹೊತ್ತಿಗೆ ಬಂದರೂ ಒಳಗೆ ಕೂರುವಂತಿರಬೇಕು. ಇದಕ್ಕೆ ಒಪ್ಪದ ಕಡೆ, ಮಗುವನ್ನು ಉಳಿದ ಮಕ್ಕಳ ಎದುರು ಹೀಯಾಳಿಸುವ ಕಡೆ, ಎಷ್ಟು ದೊಡ್ಡ ವಿದ್ವಾಂಸರಾದರೂ ಬಿಡಿಸಿ. ಮಗು ಅಲ್ಲಿಗೆ ಹೋಗುವುದಿಲ್ಲ ಎಂದು ಅತ್ತರೆ ಯಾಕೆ ಎಂದು ಕೇಳದೆ ಕಳುಹಿಸಬೇಡಿ.

ಆನ್‌ಲೈನ್ ಪಾಠ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹೊರದೇಶದಲ್ಲಿರುವ ನಮ್ಮ ಮಕ್ಕಳು ಹಾಗೆ ಕಲಿತು ಚೆನ್ನಾಗಿಯೇ ಹಾಡುತ್ತಿದ್ದಾರೆ. ಆದರೆ ನಿಮ್ಮ ಮಗನಿಗೆ ಈಗ ಬೇಕಾದದ್ದನ್ನೇ ಅದು ಕೊಡಲಾರದು. ಫೋನಿನಲ್ಲಿ ಧ್ವನಿ ಹೋಗಿ ಬರಲು ತಡವಾಗುತ್ತದೆ, ಗುರು ಶಿಷ್ಯರು ಒಟ್ಟಿಗೆ ಹಾಡಲು ಆಗುವುದಿಲ್ಲ, ಒಟ್ಟಿಗೆ ತಾಳ ಹಾಕಲೂ ಆಗುವುದಿಲ್ಲ. ಒಬ್ಬರು ಹಾಡಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಹಾಡಬೇಕು. ತಂಬೂರಿಯ ಎಡೆಬಿಡದ ನಾದವನ್ನು ಎಷ್ಟೋ ಆ್ಯಪ್‌ಗಳು ಫ್ಯಾನಿನ ಸದ್ದು ಎಂದು ತಿಳಿದು ಅಳಿಸಿಹಾಕುತ್ತವೆ, ಸೆಟ್ಟಿಂಗ್ ಬದಲಿಸದಿದ್ದರೆ ಗುರುವಿಗೆ ಶ್ರುತಿಯೇ ಕೇಳುವುದಿಲ್ಲ. ಒಡೆಯುತ್ತಿರುವ ಧ್ವನಿಯಲ್ಲಿ ಉಸಿರು ಎಲ್ಲಿ ಸೋರುತ್ತಿದೆ, ಭುಜ ಎಲ್ಲಿ ಬಿಗಿಯುತ್ತಿದೆ ಎಂಬುದು ಸಣ್ಣ ಪರದೆಯಲ್ಲಿ ಕಾಣುವುದು ಕಷ್ಟ. ಮಳೆಗಾಲದಲ್ಲಿ ನಿಮ್ಮ ಕಡೆಯ ಕರೆಂಟಿನ ವಿಷಯ ನಾನು ಹೇಳಬೇಕಾಗಿಲ್ಲ. ಅದಕ್ಕಿಂತ ಮುಖ್ಯ, ಹುಡುಗನ ಧ್ವನಿ ಕೇಳುವ ಮೊದಲೇ ಒಂದು ವರ್ಷದಲ್ಲಿ ಪರೀಕ್ಷೆಗೆ ಕೂರಿಸುತ್ತೇನೆ ಎಂದು ಮಾತು ಕೊಟ್ಟವರು ಅವನ ಗಂಟಲನ್ನು ನೋಡಿ ಪಾಠ ಮಾಡುತ್ತಾರೆ ಎಂದು ನನಗೆ ಅನಿಸುವುದಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಎಲ್ಲಿಗೂ ಹೋಗುವುದಿಲ್ಲ. ಅವನ ಧ್ವನಿ ಕೂತ ಮೇಲೆ ಮಾಷ್ಟ್ರನ್ನೇ ಕೇಳಿ, ಯಾವಾಗ ಕಟ್ಟಿಸೋಣ ಎಂದು. ವರ್ಣದ ತನಕ ಬಂದ ಹುಡುಗನಿಗೆ ಜೂನಿಯರ್ ದೊಡ್ಡ ಬೆಟ್ಟವಲ್ಲ.

ಇನ್ನು ನಿಮ್ಮವರ ಚೆಸ್. ಅವರ ಆಸೆಯಲ್ಲಿ ತಪ್ಪೇನೂ ಇಲ್ಲ. ನಿಮ್ಮ ಪಕ್ಕದ ಬೆಳ್ತಂಗಡಿ ತಾಲ್ಲೂಕಿನ ಇಶಾ ಶರ್ಮಾ ರಾಜ್ಯದ ಮೊದಲ ಮಹಿಳಾ ಗ್ರ್ಯಾಂಡ್‌ಮಾಸ್ಟರ್. 2024ರ ಡಿಸೆಂಬರ್‌ನಲ್ಲಿ ಚೆನ್ನೈಯ ಗುಕೇಶ್ ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲೆ ಎಷ್ಟೋ ಮನೆಗಳಲ್ಲಿ ಈ ಆಸೆ ಹುಟ್ಟಿದೆ. ಆ ಗುಕೇಶ್‌ಗೆ ಕಲಿಸಿದ ವಿಷ್ಣು ಪ್ರಸನ್ನ ಏನು ಮಾಡಿದರು ಎಂಬುದನ್ನು ನಿಮ್ಮವರಿಗೆ ಹೇಳಿ. ಚೆಸ್ ಕಲಿಯುವ ಮಕ್ಕಳೆಲ್ಲ ಯಾವ ನಡೆ ಸರಿ ಎಂದು ಕ್ಷಣದಲ್ಲಿ ಹೇಳುವ ಕಂಪ್ಯೂಟರ್ ಎಂಜಿನ್ ಬಳಸುತ್ತಿರುವಾಗ, ಹುಡುಗ ಗ್ರ್ಯಾಂಡ್‌ಮಾಸ್ಟರ್ ಮಟ್ಟ ಮುಟ್ಟುವ ತನಕ ಅದನ್ನು ಬಳಸಲು ಅವರು ಬಿಡಲಿಲ್ಲ. ಹಲಗೆಯ ಎದುರು ಕೂತು ತಾನೇ ಯೋಚಿಸಿ ಹುಡುಕಬೇಕು ಎಂಬುದು ಅವರ ಪಟ್ಟು. ಉಳಿದವರು ಓಡುತ್ತಿರುವಾಗ ಶಿಷ್ಯನನ್ನು ತಡೆದು ನಿಲ್ಲಿಸುವ ಧೈರ್ಯ ಒಳ್ಳೆಯ ಗುರುವಿಗೆ ಇರುತ್ತದೆ. ನಿಮ್ಮ ಮಾಷ್ಟ್ರು ವರ್ಣ ನಿಲ್ಲಿಸಿದ್ದನ್ನು ನಾನು ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ.

ಹುಡುಗನಿಗೆ ಚೆಸ್ ಇಷ್ಟವಿದ್ದರೆ ಅದನ್ನೂ ಕಲಿಯಲಿ, ಸಂಗೀತದ ಬದಲಿಗೆ ಮಾತ್ರ ಬೇಡ. ರೇಟಿಂಗ್ ಸಿಕ್ಕರೆ ಕಣ್ಣಿಗೆ ಕಾಣುವ ಒಂದು ಅಂಕಿ ಸಿಗುತ್ತದೆ, ನಿಜ. 2024ರ ಮಾರ್ಚ್‌ನಿಂದ ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ರೇಟಿಂಗ್ 1400ರಿಂದ ಶುರುವಾಗುತ್ತದೆ, ಅದಕ್ಕಿಂತ ಕೆಳಗಿದ್ದರೆ ಪಟ್ಟಿಯಲ್ಲಿ ಹೆಸರೇ ಇಲ್ಲ. ಆ ಅಂಕಿ ಏರುತ್ತದೆ, ಇಳಿಯುತ್ತದೆ, ಪ್ರತಿ ಟೂರ್ನಿಗೂ ಪ್ರವೇಶ ಶುಲ್ಕ, ಪ್ರಯಾಣ, ಒಬ್ಬರ ರಜೆ ಇದ್ದೇ ಇದೆ. ಸಂಗೀತದಲ್ಲಿ ಸೋತೆ ಎಂದುಕೊಂಡ ಹುಡುಗನನ್ನು ಅದೇ ವಾರ ಚೆಸ್ ಹಲಗೆಯ ಎದುರು ಕೂರಿಸಿದರೆ, ಅಲ್ಲಿ ಸೋಲುವ ಮೊದಲ ಆಟಕ್ಕೇ ಅವನು ಎದ್ದುಬಿಡುತ್ತಾನೆ. ಭಾವನ ಮಗನ ಹೆಸರನ್ನು ಇವನ ಎದುರು ಎತ್ತಬೇಡಿ. ಬೇಸಿಗೆ ರಜೆಯಲ್ಲಿ ಆ ಅಣ್ಣನೇ ಬಂದು ನಾಲ್ಕು ದಿನ ಆಡಿಸಲಿ. ಆಸಕ್ತಿ ಹುಟ್ಟಿದರೆ ಆಮೇಲೆ ಗುರುವನ್ನು ಹುಡುಕಿ. ಆಗಲೂ ಹೋಗಿ ಒಳಗೆ ಕೂತು ನೋಡಿ. ಸೋತ ಆಟವನ್ನು ಮಗುವಿನ ಜತೆ ಮೊದಲಿಂದ ಮತ್ತೆ ಆಡಿಸಿ, ಇಲ್ಲಿ ನೀನು ಏನು ಯೋಚಿಸಿದೆ ಎಂದು ಕೇಳುವವರು ಸಿಕ್ಕಿದರೆ ಬಿಡಬೇಡಿ.

ಮಾಷ್ಟ್ರಿಗೆ ಹೇಗೆ ಹೇಳಲಿ ಎಂದು ಕೇಳಿದ್ದೀರಿ. ಬಿಡುವ ಮಾತು ಈಗ ಬೇಡವಾದರೂ ಹೇಳಬೇಕಾದ್ದು ಇದೆ. ನಿಮ್ಮವರನ್ನೂ ಕರೆದುಕೊಂಡು, ಪಾಠ ಇಲ್ಲದ ಹೊತ್ತಿನಲ್ಲಿ ಹೋಗಿ. "ಇವನನ್ನು ಸರಳೆಗೆ ತಂದದ್ದು ನಮಗೆ ಅರ್ಥವಾಗಿರಲಿಲ್ಲ, ಹುಡುಗ ಕುಗ್ಗಿದ್ದಾನೆ, ನೀವೇ ಅವನಿಗೆ ಒಮ್ಮೆ ಬಿಡಿಸಿ ಹೇಳಬೇಕು" ಎಂದು ಕೇಳಿಕೊಳ್ಳಿ. ಗುರುವಿನ ಬಾಯಿಂದಲೇ ಆ ಮಾತು ಬಂದರೆ ಅವನು ನಂಬುತ್ತಾನೆ. ಫೀಸಿನ ವಿಷಯ ಅವರು ಎತ್ತುವುದಿಲ್ಲ, ನೀವು ಎತ್ತಿ. ಮನೆಪಾಠ ಹೇಳುವ ಹಿರಿಯರು ಹೊತ್ತು ನೋಡದೆ ಕಲಿಸುತ್ತಾರೆ, ನಾವು ಅವರು ಕೇಳುವುದಿಲ್ಲ ಎಂದು ವರ್ಷಗಟ್ಟಲೆ ಹಳೆಯ ದುಡ್ಡನ್ನೇ ಕೊಡುತ್ತಾ ಇರುತ್ತೇವೆ. ಇದು ನನಗೆ ಸಂಕಟ ಕೊಡುವ ಸಂಗತಿ. ಬೆಂಗಳೂರಿನವರಿಗೆ ಕೊಡಲು ಎಷ್ಟು ತೆಗೆದಿಟ್ಟಿದ್ದಿರೋ ಅದರಲ್ಲಿ ಒಂದು ಪಾಲನ್ನಾದರೂ ಇವರ ಫೀಸಿಗೆ ಸೇರಿಸಿ. ಹುಡುಗ ರಜೆ ಹಾಕಿದ ತಿಂಗಳೂ ಪೂರ್ತಿ ಕೊಡಿ. ಕೂತು ನೋಡಿದ ಮೇಲೂ ನಿಮಗೆ ಸಮಾಧಾನವಾಗದೆ ಮುಂದೆ ಎಂದಾದರೂ ಬಿಡಿಸುವುದಾದರೆ, ಫೋನಿನಲ್ಲಿ ಮೆಸೇಜು ಹಾಕಿ ಮುಗಿಸಬೇಡಿ. ಮಗನನ್ನು ಕರೆದುಕೊಂಡು ಹೋಗಿ, ಎಲೆಯಡಿಕೆ, ತೆಂಗಿನಕಾಯಿ, ದಕ್ಷಿಣೆ ಇಟ್ಟು ನಮಸ್ಕಾರ ಮಾಡಿಸಿ, ಎದುರಿಗೇ ಹೇಳಿ ಬನ್ನಿ. ದಾರಿಯಲ್ಲಿ ಅವರು ಸಿಕ್ಕಿದರೆ ಹುಡುಗ ತಲೆ ತಗ್ಗಿಸಿ ಓಡುವಂತಾಗಬಾರದು.

ಡಿಸೆಂಬರ್‌ನ ಪ್ರಾರ್ಥನೆಯನ್ನು ಅವನೊಬ್ಬನೇ ಹಾಡುವುದು ಬೇಡ. ಟೀಚರಿಗೆ ಈಗಲೇ ಹೋಗಿ ತಿಳಿಸಿ, ಕೊನೆಯ ವಾರಕ್ಕೆ ಇಡಬೇಡಿ. ಇಬ್ಬರು ಮೂವರು ಹುಡುಗಿಯರು ಅವರ ಶ್ರುತಿಯಲ್ಲಿ ಹಾಡಲಿ. ಇವನು ಅವರಿಗೆ ಕಲಿಸಲಿ, ತಾಳ ತಪ್ಪದ ಹಾಗೆ ನೋಡಿಕೊಳ್ಳಲಿ, ವೇದಿಕೆಯಲ್ಲಿ ಅವರ ಜತೆಯೇ ನಿಂತು ಶ್ರುತಿಪೆಟ್ಟಿಗೆ ನೋಡಿಕೊಳ್ಳಲಿ. ಐದು ವರ್ಷ ಕಲಿತವನಿಗೆ ಅಷ್ಟು ವಿದ್ಯೆ ಖಂಡಿತ ಇದೆ. ಮಾಷ್ಟ್ರು ಅಷ್ಟರೊಳಗೆ ಹಾಡಬಹುದು ಎಂದರೆ, ಕೆಳಗಿನ ಶ್ರುತಿಯಲ್ಲಿ, ಮೇಲಿನ ಷಡ್ಜಕ್ಕೆ ಹೋಗದ ಒಂದು ದೇವರನಾಮವನ್ನು ಅವರೇ ಆರಿಸಿಕೊಡಲಿ. ಆಗಲೂ ಹಾಡುತ್ತೇನೆ, ಇಲ್ಲ ಎಂದು ಹೇಳುವ ಹಕ್ಕು ಹುಡುಗನದ್ದು.